ನಾಯಿಗೆ ನಾಳೆಯುಂಟೆ?

ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಎಂಬ ಔಷಧಿ ದೊರೆಯುತ್ತದೆ. ಬೀದಿನಾಯಿಗಳಲ್ಲಿ ಕೂಟದಿಂದ ಹರಡುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆಯನ್ನು ವಾರಕ್ಕೊಂದರಂತೆ ಕೊಡುವ 4–6 ಚುಚ್ಚುಮದ್ದುಗಳು ಸಾಮಾನ್ಯವಾಗಿ ಗುಣಪಡಿಸಿಬಿಡುತ್ತವೆ. ಇಲ್ಲಿ ಧರ್ಮಸಂಕಟವಿಲ್ಲ. ಆದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಕ್ಕೆ ಇದೇ ಔಷಧಿಯನ್ನು ಇನ್ನು ಮೂರರ ಜೊತೆಗೂಡಿಸಿ ತಿಂಗಳುಗಟ್ಟಲೆ ಕೊಟ್ಟರೂ ದೊರೆಯುವುದು ಹೆಚ್ಚುಕಡಿಮೆ 1 ವರ್ಷದ ಆಯುಸ್ಸು. ಕೊಡದಿದ್ದರೆ 1–2 ತಿಂಗಳು. ಗಳಿಸಿದ ಆ ಕಾಲ ಯಾರದು?

ಮನುಷ್ಯ ಇಂದಿನ ನೋವನ್ನು ನಾಳೆಯ ಆಸೆಯಿಂದ ಸಹಿಸುತ್ತಾನೆ. ನಾಯಿಗೆ ಆ ಊರುಗೋಲಿಲ್ಲ. ಈ ಸೂಜಿ ಏಕೆಂದು ಅದಕ್ಕೆ ತಿಳಿಹೇಳುವಂತಿಲ್ಲ. ಬೇಡವೆನ್ನಲು ಅದಕ್ಕೆ ಮಾತಿಲ್ಲ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಹೋಗಲೊಲ್ಲೆನೆಂದ; ನಾವಾದರೋ ನಾಯಿಯನ್ನು ಸ್ವರ್ಗಕ್ಕೆ ಬಿಡಲೊಲ್ಲೆವು. ಎರಡೂ ಪ್ರೀತಿಯೇ. ಎರಡನೆಯದರಲ್ಲಿ ನಮ್ಮ ಸ್ವಾರ್ಥವೂ ಬೆರೆತಿದೆಯೆಂದು ನನ್ನ ಅನುಮಾನ.

ಹಾಗೆಂದು ಚಿಕಿತ್ಸೆಯೇ ಕ್ರೌರ್ಯವೆಂದು ನಾನು ಹೇಳಲಾರೆ. ಪಶುವೈದ್ಯರು ಔಷಧಿಯ ತೀವ್ರತೆಯನ್ನು ಮನುಷ್ಯರ ಚಿಕಿತ್ಸೆಗಿಂತ ತಗ್ಗಿಸಿ ಇಡುತ್ತಾರೆ; ಪೂರ್ತಿ ಗುಣಕ್ಕಿಂತ, ಸುಖವಾಗಿ ಉಂಡು ಓಡಾಡುವ ದಿನಗಳೇ ಅವರ ಗುರಿ. ವಾಂತಿ, ಭೇದಿ ಬಂದರೂ ಹೆಚ್ಚಿನ ನಾಯಿಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಈ ವಿವೇಕ ನನಗೆ ಒಪ್ಪಿಗೆ. ನಾಳೆಯನ್ನರಿಯದ ಜೀವಿಯ ಇಂದನ್ನು ಒತ್ತೆಯಿಟ್ಟು ನಾಳೆಯನ್ನು ಕೊಳ್ಳುವ ಹಕ್ಕು ನಮಗಿಲ್ಲ. ಬೆಳಗ್ಗೆ ತಟ್ಟೆಯ ಸದ್ದಿಗೆ ಬಾಲವಾಡಿದರೆ ಚಿಕಿತ್ಸೆ ನಡೆಯಲಿ. ಆಡದ ಬೆಳಗುಗಳು ಹೆಚ್ಚಿದಾಗ ನಿಲ್ಲಿಸುವುದೂ ಶುಶ್ರೂಷೆಯೇ.