ಮನೆಯ ಮಾತು, ಹೊರಗಿನ ಸಂಗ

ಸಂಗದಿಂದ ಜೀವನು ಏರುವನು, ಸಂಗದಿಂದಲೇ ಇಳಿಯುವನು ಎಂಬುದು ಶರಣರ ಬೋಧೆಯ ಸಾರಗಳಲ್ಲೊಂದು. ಹರೆಯಕ್ಕೆ ಕಾಲಿಡುವ ಹೆಣ್ಣುಮಕ್ಕಳ ವಿಷಯದಲ್ಲಿ ಇದು ವಿಶೇಷವಾಗಿ ಮನನಯೋಗ್ಯವಾದುದು.

ಸಂಡೂರು ತಾಲ್ಲೂಕಿನ ಚೋರನೂರಿನಂತಹ ಊರಿನಲ್ಲಿ 14-15 ವರ್ಷದ ಮಗಳು ಶಾಲೆಗೆಂದು ಹೊರಟು ಬೇರೆಡೆ ಅಲೆದರೆ, ಸುಳ್ಳಾಡಿದರೆ, ಹೇಳದೆ ಹಣ ತೆಗೆದರೆ, "ಗೆಳತಿಯರು ಕೆಡಿಸಿದರು" ಎಂದು ತಂದೆತಾಯಿಗಳು ಹಲುಬುವರು. ಇದರಲ್ಲಿ ಅರ್ಧ ಸತ್ಯವುಂಟು. ದುರ್ನಡತೆಯು ಹುಟ್ಟುಗುಣವಲ್ಲ, ನಿಕಟ ಸಹವಾಸದಿಂದ ಕಲಿತದ್ದು ಎಂದು ಅಮೆರಿಕದ ಸದರ್‌ಲ್ಯಾಂಡ್ ಎಂಬ ವಿದ್ವಾಂಸರು 1939ರಲ್ಲಿಯೇ ಪ್ರತಿಪಾದಿಸಿದರು. ಉಳಿದರ್ಧ ಸತ್ಯವು ಮನೆಯೊಳಗಿದೆ. ಮನೆಯಲ್ಲಿ ಆಡಲಾರದ ಮಾತನ್ನು ಆಡಲು ಮಗಳು ಹೊರಗೆ ಹೋದಳೇಕೆ?

ಸ್ಟಾಟಿನ್ ಮತ್ತು ಕೆರ್ ಎಂಬ ವಿದ್ವಾಂಸರು ಸ್ವೀಡನ್ ದೇಶದ 14 ವರ್ಷದ ಮಕ್ಕಳನ್ನು ಕುರಿತು 2000ದಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮಕ್ಕಳ ನಡೆಯು ಹಿರಿಯರಿಗೆ ತಿಳಿಯುವುದು ಬಹುಪಾಲು ಕಾವಲಿನಿಂದಲ್ಲ, ಮಕ್ಕಳು ತಾವಾಗಿ ಹೇಳಿಕೊಳ್ಳುವುದರಿಂದ ಎಂದು ಅದರಲ್ಲಿ ಕಂಡುಬಂದಿತು. ಹಾಗೆ ಹೇಳಿಕೊಳ್ಳುವವರಲ್ಲಿ ದುರ್ನಡತೆಯೂ ಕಡಿಮೆಯಿದ್ದಿತು. ಬಾಗಿಲಿಗೆ ಚಿಲಕವಿಕ್ಕಿದರೆ ಮಗಳು ಒಳಗುಳಿದಾಳು, ಅವಳ ಮನಸ್ಸು ಉಳಿಯದು. ಬೈಗುಳಿಗೆ ಅಂಜಿ ಬಾಯಿ ಮುಚ್ಚಿದವಳಿಗೆ ಗೆಳತಿಯೇ ತಾಯಿ, ಗೆಳತಿಯೇ ಗುರು.

ಉಡುತಡಿಯನ್ನು ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುದೇವರು ಕಠಿಣವಾಗಿಯೇ ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ವೈರಾಗ್ಯನಿಧಿಯಾದ ಅಕ್ಕನನ್ನು ದಾರಿತಪ್ಪಿದ ಬಾಲೆಗೆ ಹೋಲಿಸುವುದು ಸಲ್ಲದು. ಕಲಿಯತಕ್ಕದ್ದು ಪ್ರಭುದೇವರು ಕೇಳಿದ ರೀತಿಯನ್ನು. ಅವರು ಪ್ರಶ್ನಿಸಿದರು, ಉತ್ತರವನ್ನು ಕಡೆತನಕ ಆಲಿಸಿದರು, ಅನಂತರವೇ ನಿರ್ಣಯಿಸಿದರು. ಆಲಿಸುವ ಮೊದಲೇ ತೀರ್ಪು ಕೊಡುವ ಮನೆಯಲ್ಲಿ ಅನುಭಾವಕ್ಕೆ ಎಡೆಯೆಲ್ಲಿ?

ಕೆಲವರು ಇಂತಹ ಮಗಳಿಗೆ ಅವಸರದ ಮದುವೆಯೇ ಮದ್ದೆಂದು ಬಗೆಯುವರು. 18 ತುಂಬದ ಕನ್ಯೆಯ ವಿವಾಹ ಮಾಡಿಸುವುದು 2006ರ ಕಾಯಿದೆಯಂತೆ ಅಪರಾಧ. ಅದು ತಿದ್ದುವುದಲ್ಲ, ದೂಡುವುದು. ಅಪರಾಧವೆಸಗಿದ ಬಾಲೆಯನ್ನೂ ತಿದ್ದಿ ಮರಳಿ ಸಮಾಜಕ್ಕೆ ಸೇರಿಸಬೇಕೆಂಬುದು 2015ರ ಬಾಲನ್ಯಾಯ ಕಾಯಿದೆಯ ಆಶಯ. ರಾಜ್ಯವೇ ಹೀಗೆ ಬಯಸುವಾಗ ಹೆತ್ತವರು ಕೈಬಿಡಬಹುದೇ?

ಆದುದರಿಂದ ಸದ್ಭಕ್ತರು ಸಂಜೆಯ ಲಿಂಗಪೂಜೆ ಮುಗಿದ ಬಳಿಕ ಸ್ವಲ್ಪ ಹೊತ್ತನ್ನು ಮಗಳ ಮಾತಿಗಾಗಿ ಮೀಸಲಿಡತಕ್ಕದ್ದು. ಅವಳ ಗೆಳತಿಯರನ್ನು ಮನೆಗೆ ಕರೆದು ರೊಟ್ಟಿಯಿಕ್ಕುವುದು ದಾಸೋಹವೂ ಹೌದು, ಸಂಗವನ್ನರಿಯುವ ದಾರಿಯೂ ಹೌದು. ಮಗನು ತಪ್ಪಿದಾಗ ನಕ್ಕು, ಮಗಳು ತಪ್ಪಿದಾಗ ಕೈಯೆತ್ತುವ ಭೇದವು ಶರಣಧರ್ಮಕ್ಕೆ ಒಪ್ಪುವುದಿಲ್ಲ. ತಪ್ಪಿಗೆ ತಿದ್ದುಪಡಿ ಇರಲಿ. ತಪ್ಪನ್ನು ತಾನಾಗಿ ಹೇಳಿಕೊಂಡುದಕ್ಕೆ ಮಾತ್ರ ಎಂದಿಗೂ ದಂಡನೆ ಬೇಡ.