ಬಾಡಿಗೆಗೆ ಇದೆ

ನಮ್ಮ ಶಿರಾ ತಾಲ್ಲೂಕಿನ ತಾವರೆಕೆರೆ ಹೆದ್ದಾರಿ ಮಗ್ಗುಲಿನ ಊರು. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾಡುತ್ತಾರೆ. ಎಕರೆಯ ಲೆಕ್ಕ ಹೋಗಿ ಅಡಿಯ ಲೆಕ್ಕ ಬಂದಿದೆ. ನಾವೂ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿ, 'ಮನೆ ಬಾಡಿಗೆಗೆ ಇದೆ' ಎಂದು ಬೋರ್ಡು ಹಾಕಿದೆವು.

ಮೊದಲು ಬಂದವರು ಒಬ್ಬ ನರ್ಸಮ್ಮ. ನಲ್ಲಿ ತಿರುಗಿಸಿ ನೋಡಿ, ಬಾಡಿಗೆಗೂ ಅಡ್ವಾನ್ಸಿಗೂ ಒಪ್ಪಿದರು. ಆಗ ನನ್ನ ಬಾಯಿಂದ ತಾನಾಗಿ ಬಂತು, "ನೀವು ಯಾವ ಜನ?" ಅವರು ಮುಚ್ಚಿಡದೆ ಹೇಳಿದರು. "ನಮ್ಮ ಯಜಮಾನರನ್ನು ಕೇಳಿ ಹೇಳ್ತೀನಮ್ಮ" ಎಂದೆ. ಯಜಮಾನರು ಒಳಗೇ ಪೇಪರು ಓದುತ್ತಾ ಕುಳಿತಿದ್ದರು.

ಮರುದಿನ ಹತ್ತನೇ ತರಗತಿಗೆ, ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿಯನ್ನೂ 1955ರ ಕಾಯಿದೆಯನ್ನೂ ಪಾಠ ಮಾಡಬೇಕಿತ್ತು. ಮಾಡಿದೆ, ಆದರೆ ಮಕ್ಕಳ ಮುಖ ನೋಡಲಾಗಲಿಲ್ಲ.

'ಮನೆ ನಮ್ಮದು, ಯಾರಿಗೆ ಕೊಡುವುದೆಂಬುದು ನಮ್ಮಿಷ್ಟ' ಎನ್ನುತ್ತೇವೆ. ಬಾಡಿಗೆ ತಪ್ಪಿಸಬೇಡಿ, ಮನೆ ಚೊಕ್ಕಟವಾಗಿಡಿ ಎಂದು ಹೇಳುವ ಹಕ್ಕು ನಮಗಿದೆ. ತಪ್ಪಿದರೆ ಅವರು ತಿದ್ದಿಕೊಳ್ಳಬಲ್ಲರು. ಹುಟ್ಟನ್ನು ಹೇಗೆ ತಿದ್ದಿಕೊಳ್ಳುವುದು? ಜ್ವರ ಬಂದು ಅದೇ ಕೈಯಿಂದ ಇಂಜೆಕ್ಷನ್ ಹಾಕಿಸಿಕೊಳ್ಳುವಾಗ ಜಾತಿ ನೆನಪಾಗದು. ಬೀಗದ ಕೈ ಕೊಡುವಾಗ ಏಕೆ ನೆನಪಾಗಬೇಕು?

ವಾರದ ಮೇಲೆ ಹೇಳಿಕಳಿಸಿದೆ. ಅವರು ಶಿರಾದಲ್ಲೇ ಉಳಿದು ಬಸ್ಸಿನಲ್ಲಿ ಓಡಾಡುತ್ತಾರಂತೆ. ಬೋರ್ಡು ಇನ್ನೂ ಇದೆ. ಆ ಪ್ರಶ್ನೆಯನ್ನು ಮತ್ತೆ ಯಾರನ್ನೂ ಕೇಳಿಲ್ಲ. ಆದರೆ ಅಂದು ಕೇಳಿದ್ದನ್ನು ವಾಪಸು ಪಡೆಯುವುದು ಹೇಗೆ?