ಹೊಲಿದವಳ ಪಾಲು

ತರಕಾರಿಯವಳ ಹತ್ತಿರ ಚೌಕಾಸಿ ಮಾಡುವುದು ಬೇರೆ, ಲಂಬಾಣಿ ಹೆಂಗಸಿನ ಹೊಲಿಗೆಗೆ ಬೆಲೆ ಕಟ್ಟುವುದು ಬೇರೆ ಎಂದರೆ ಗೆಳತಿಯರು ನಗುತ್ತಾರೆ. ಸೊಪ್ಪು ಸಂಜೆಗೆ ಬಾಡುತ್ತದೆ, ಬೆಲೆ ಇಳಿಯಲೇಬೇಕು. ಕನ್ನಡಿ, ಕವಡೆ ಕೂರಿಸಿದ ಚೀಲದಲ್ಲಿರುವುದು ಎಷ್ಟೋ ದಿನಗಳ ಕಣ್ಣು. ನಾವು ನೂರು ರೂಪಾಯಿ ಇಳಿಸಿದರೆ ಬಟ್ಟೆಯವನು, ನೂಲಿನವನು, ಅಂಗಡಿಯವನು ಯಾರೂ ತಮ್ಮ ಪಾಲು ಬಿಡುವುದಿಲ್ಲ. ಉಳಿದವಳು ಅವಳೊಬ್ಬಳೇ.

"ಈ ಕಲೆ ಅವಳದೇ ಏನು? ಅವಳಜ್ಜಿಯೂ ಹೀಗೇ ಹೊಲಿಯುತ್ತಿದ್ದಳಲ್ಲ" ಎಂದು ಒಬ್ಬರು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಆದರೆ ಅಜ್ಜಿಯ ಓಲೆ ಮೊಮ್ಮಗಳಿಗೆ ಬಂದಾಗ ನಾವು ಹೀಗೆ ಕೇಳುವುದಿಲ್ಲವಲ್ಲ! ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದು ಹೆಸರನ್ನು ಕಾಯುತ್ತದೆ. ಕೂಲಿ ಎಷ್ಟೆಂದು ಹೇಳುವುದಿಲ್ಲ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸಂತೋಷವೇ. ಆದರೆ ಹೊಗಳಿಕೆಗೆ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಅಳೆಯುವುದಿಲ್ಲ.

ಹೊಲಿದವರು ಯಾರು, ಅವರಿಗೆಷ್ಟು ಕೊಟ್ಟಿರಿ ಎಂದು ನಾನು ಕೇಳಿಯೇ ಕೊಳ್ಳುತ್ತೇನೆ. ಒಂದು ಮೇಳದಲ್ಲಿ ವ್ಯಾಪಾರಿ, "ಅಮ್ಮಾ, ಬೇಕಾದರೆ ತಗೊಳ್ಳಿ, ಆ ಲೆಕ್ಕವೆಲ್ಲ ನಿಮಗೇಕೆ?" ಎಂದ. ಚೀಲ ಅಲ್ಲೇ ಇಟ್ಟು ಬಂದೆ. ಸರಿಯಾಯಿತೆಂದೇ ಈಗಲೂ ಅನಿಸುತ್ತದೆ. ಆದರೂ, ನಾನು ಕೊಳ್ಳದೆ ಬಂದದ್ದರಿಂದ ಹೊಲಿದವಳಿಗೇನು ಸಿಕ್ಕಿತು ಎಂದು ಮಗಳು ಕೇಳಿದಾಗ ತಟ್ಟನೆ ಉತ್ತರ ಹೊಳೆಯಲಿಲ್ಲ.